ಗೊತ್ತಿಲ್ಲ ಅಂದರೆ ಎಂಟು

ಮೊದಲಿಗೇ ಒಪ್ಪಿಕೊಳ್ಳುತ್ತೇನೆ, ಇಲ್ಲಿ ಬರೆದದ್ದರಲ್ಲಿ ಕೆಲವು ವಿವರ ತಪ್ಪಿರಬಹುದು. ಕೆಲಸ ಮಾಡಿದಷ್ಟು ವರ್ಷವೂ ಸಂಜೆ ಕುಳಿತು ಡೈರಿ ಬರೆದವಳು ನಾನು. ಆದರೂ ಡೈರಿ ಒಂದು ಹೇಳುತ್ತದೆ, ನೆನಪು ಇನ್ನೊಂದು ಹೇಳುತ್ತದೆ. ಲಕ್ಷ್ಮೇಶ್ವರದಲ್ಲಿರುವ ನಮ್ಮ ಅಣ್ಣನಿಗೆ ಲಕ್ವಾ ಹೊಡೆದ ಮೇಲೆ ಆ ಊರಿನ ಸಮೀಕ್ಷೆ ನಡೆಯಿತು ಎಂದು ಎಷ್ಟೋ ವರ್ಷ ನಂಬಿದ್ದೆ, ಕೇಳಿದವರಿಗೂ ಹಾಗೇ ಹೇಳಿದ್ದೆ. ನಿವೃತ್ತಿಯಾದ ಮೇಲೆ ಡೈರಿ ತೆಗೆದು ನೋಡಿದರೆ ಸಮೀಕ್ಷೆ ಮೊದಲು, ಲಕ್ವಾ ಎರಡು ತಿಂಗಳು ಆಮೇಲೆ. ನೆನಪು ಸುಮ್ಮಸುಮ್ಮನೆ ಹೀಗೆ ಹಿಂದುಮುಂದು ಮಾಡುವುದಿಲ್ಲ. ಅದರಿಂದ ಅದಕ್ಕೆ ಏನೋ ಲಾಭವಿರಬೇಕು. ಆ ಲಾಭ ಏನೆಂದು ಸಂದರ್ಭ ಬಂದಾಗ ಹೇಳುತ್ತೇನೆ. ಎರಡೂ ಹೊಂದದ ಕಡೆ ನಾನು ಡೈರಿಯನ್ನೇ ನಂಬಿದ್ದೇನೆ. ಆದರೆ ಡೈರಿ ಬರೆದವಳೂ ನಾನೇ ಎಂಬುದನ್ನು ಓದುವವರು ಮರೆಯಬಾರದು.

ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಈಗಲೂ ಬೆಟಗೇರಿಯ ನನ್ನ ಮನೆಗೆ ಬರುತ್ತಾರೆ. ತರಬೇತಿಯಲ್ಲಿ ಹೇಳಿಕೊಡದಿದ್ದದ್ದನ್ನು ಹೇಳಿ ಎನ್ನುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಮೇಲ್ವಿಚಾರಕಿಯಾದೆ, ಸಂಬಳ ಎಷ್ಟು ಏರಿತು ಎಂಬುದು ಅವರಿಗೆ ಬೇಕಿಲ್ಲ. ಹೇಳಲು ನನಗೂ ಬೇಸರ.

ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಗದಗಿನ ಒಂದು ಸಮೀಕ್ಷಾ ಸಂಸ್ಥೆಗೆ ಸೇರಿದೆ. ಮೊದಮೊದಲು ಬೆಳೆ, ಪಡಿತರ, ಲಸಿಕೆ ಎಂದು ಏನೇನೋ ಕೇಳುತ್ತ ತಿರುಗಿದೆವು. ಕೊನೆಯ ಹಲವು ವರ್ಷ ಒಂದೇ ವಿಷಯ: ಹಣಕಾಸು ಸಾಮರ್ಥ್ಯ. ಜನರ ಹತ್ತಿರ ದುಡ್ಡೆಷ್ಟಿದೆ ಎಂದು ಅಳೆಯುವ ಕೆಲಸ ಅದಲ್ಲ. ಇದ್ದಷ್ಟರಲ್ಲಿ ಹೇಗೆ ನಡೆಸುತ್ತಾರೆ, ಮುಂದಿನದನ್ನು ಎಷ್ಟು ಯೋಚಿಸುತ್ತಾರೆ, ಎರಡರಲ್ಲಿ ಒಳ್ಳೆಯದನ್ನು ಆರಿಸಬಲ್ಲರೇ, ತಿಳಿಯದಿದ್ದಾಗ ಯಾರನ್ನು ಕೇಳುತ್ತಾರೆ, ಇದನ್ನು ಅಳೆಯುವುದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಮ್ಮ ಪಾಲಿಗೆ ಬಂದಿದ್ದವು. ನಾವು ತಂದ ಅಂಕ ನೋಡಿ ಯಾವ ಊರಿನವರಿಗೆ ಯಾವ ಪಾಠ ಹೇಳಿಕೊಡಬೇಕೆಂದು ಮೇಲಿನವರು ತೀರ್ಮಾನಿಸುತ್ತಿದ್ದರು. ಅಂಕ ಕಡಿಮೆ ಬಂದ ಊರಿಗೆ ಒಂದನೇ ಪುಸ್ತಕ. ಅದರ ಮೊದಲ ಪಾಠ ‘ಉಳಿತಾಯ ಎಂದರೇನು?’ ಪಕ್ಕದಲ್ಲಿ ಮಣ್ಣಿನ ಹುಂಡಿಯ ಚಿತ್ರ.

ಹಾಳೆಯಲ್ಲಿ ಪ್ರತಿ ಉತ್ತರಕ್ಕೂ ಒಂದು ಅಂಕಿ. ಒಂದರಿಂದ ಏಳರವರೆಗೆ ನಿಜವಾದ ಉತ್ತರಗಳು. ಗೊತ್ತಿಲ್ಲ ಅಂದರೆ ಎಂಟು. ಹೇಳುವುದಿಲ್ಲ ಅಂದರೆ ಒಂಬತ್ತು. ಕೂಡಿಸುವಾಗ ಎಂಟೂ ಸೊನ್ನೆ, ಒಂಬತ್ತೂ ಸೊನ್ನೆ. ಸಂಜೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ನಮ್ಮ ತಂಡದ ಹೆಣ್ಣುಮಕ್ಕಳು ದಿನ ಹೇಗಿತ್ತೆಂದು ಅಂಕಿಯಲ್ಲೇ ಹೇಳುತ್ತಿದ್ದರು. ಇವತ್ತು ಸಿಕ್ಕಿದ್ದೆಲ್ಲ ಎಂಟಿನ ಮನೆ ಎಂದರೆ ಆ ದಿನ ಬೇಗ ಮುಗಿಯಿತು ಎಂದರ್ಥ. ಒಂಬತ್ತು ಮಾತ್ರ ಬರುತ್ತಲೇ ಇರಲಿಲ್ಲ. ಬೇರೆ ಜಿಲ್ಲೆಗಳಲ್ಲಿ ಬಾಗಿಲು ಹಾಕಿಕೊಳ್ಳುತ್ತಾರಂತೆ, ನಮ್ಮ ಜನ ಹಾಗಲ್ಲ ಎಂದು ನಾವು ಹೆಮ್ಮೆಪಡುತ್ತಿದ್ದೆವು.

ಹರ್ತಿ ಎಂಬ ಹಳ್ಳಿಯಲ್ಲಿ ಆದ ಒಂದು ತಪ್ಪಿನಿಂದ ಶುರುಮಾಡುತ್ತೇನೆ. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಹಿರಿಯ ರೈತರಿಗೆ, ಮುಂದಿನ ತಿಂಗಳ ಖರ್ಚನ್ನು ಮೊದಲೇ ಯೋಚಿಸಿ ಇಡುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು. ‘ಯೋಜನೆ ಇಲ್ಲ’ ಎಂಬಲ್ಲಿ ಗುರುತು ಹಾಕಿದೆ. ಅವರು ನನ್ನ ಪೆನ್ನನ್ನೇ ನೋಡುತ್ತಿದ್ದರು.

‘ತಂಗೀ, ತಿಂಗಳಾ ತಿಂಗಳಾ ವಿಚಾರ ಮಾಡಾಕ ನನಗೇನು ಪಗಾರ ಬರತೈತೇನು? ನೀ ಹಂಗಾಮ ಕೇಳು, ಹೇಳ್ತೀನಿ.’

ಕೇಳದೆಯೇ ಹೇಳಿದರು. ಹೆಸರುಕಾಳು ಬಂದ ಮೇಲೆ ಏನು ಮಾಡುವುದು, ಕಡಲೆ ಬಂದ ಮೇಲೆ ಏನು, ಬಿಳಿಜೋಳದಲ್ಲಿ ಮನೆಗೆಂದು ಎಷ್ಟು ಚೀಲ ತೆಗೆದಿಡುವುದು, ಯಾವ ಎತ್ತನ್ನು ಯಾವಾಗ ಮಾರುವುದು, ಮೊಮ್ಮಗಳನ್ನು ಗದಗಿನ ಕಾಲೇಜಿಗೆ ಹಚ್ಚುವುದು ಯಾವ ಫಸಲಿನ ಮೇಲೆ. ಎರಡು ವರ್ಷ ಮುಂದಿನದು ಅವರ ಬಾಯಲ್ಲೇ ಇತ್ತು. ಹಾಳೆಯಲ್ಲಿ ಹಂಗಾಮಿಗೆ ಜಾಗವಿರಲಿಲ್ಲ. ಹಾಕಿದ ಗುರುತು ಹಾಗೇ ಉಳಿಯಿತು.

ಮುಂಡರಗಿಯಲ್ಲಿ ಬಳೆ ಮಾರುವ ಹುಸೇನಬಿಯವರ ಎದುರು ಆದದ್ದು ಇನ್ನೂ ನಾಚಿಕೆಗೇಡು. ಐದು ಸಾವಿರ ರೂಪಾಯಿಯನ್ನು ನೂರಕ್ಕೆ ಎರಡರ ಬಡ್ಡಿಗೆ ಇಟ್ಟರೆ ವರ್ಷಕ್ಕೆ ಬಡ್ಡಿ ಎಷ್ಟು ಎಂಬುದು ಪ್ರಶ್ನೆ. ನೂರು ಎಂಬುದು ಸರಿಯುತ್ತರ ಎಂದು ನನ್ನ ಹಾಳೆಯಲ್ಲಿ ಅಚ್ಚಾಗಿತ್ತು. ಅವರು ಗಿರಾಕಿಯ ಕೈಗೆ ಬಳೆ ಏರಿಸುತ್ತ, ತಲೆ ಎತ್ತದೆ, ಹನ್ನೆರಡು ನೂರು ಎಂದರು. ನಾನು ತಪ್ಪು ಎಂದು ಬರೆದುಕೊಂಡೆ. ನನ್ನ ಮುಖ ನೋಡಿ ಅವರಿಗೆ ತಿಳಿದಿರಬೇಕು, ಗಿರಾಕಿಯ ಕಡೆ ತಿರುಗಿದರು.

‘ಈ ಅಕ್ಕಾರಿಗೆ ವರ್ಷಕ್ಕ ಎಷ್ಟು ತಿಂಗಳು ಅಂತ ಕೇಳವಾ.’

ಅಕ್ಕಪಕ್ಕದ ಅಂಗಡಿಯವರೆಲ್ಲ ನಕ್ಕರು. ನಮ್ಮ ಕಡೆ ನೂರಕ್ಕೆ ಎರಡು ಎಂದರೆ ತಿಂಗಳಿಗೆ ಎರಡು. ಪ್ರಶ್ನೆ ಬರೆದವರು ದೂರದ ಊರಿನವರು, ಅವರಿಗೆ ಗೊತ್ತಿರಲಿಲ್ಲ. ಲಕ್ಷ್ಮೇಶ್ವರದ ಪೇಟೆಯಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಹಾಳೆ ಕೈಗೆ ಬಂತೆಂದರೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದು.

ನಮ್ಮ ಮೇಲಧಿಕಾರಿ ದೇಸಾಯಿ ಸರ್ ಇಂಥವನ್ನೆಲ್ಲ ಕೇಳಿ ನಗುತ್ತಿದ್ದರು, ಹಾಳೆಯನ್ನು ಮಾತ್ರ ಬದಲಿಸುತ್ತಿರಲಿಲ್ಲ. ‘ಹಾಳ್ಯಾಗ ಇದ್ದದ್ದು ಖರೆ, ಶಾಂತಾಬಾಯಿ. ನೀವು ನಿಮ್ಮ ಬುದ್ಧಿ ಹಾಕಿದ್ರಿ ಅಂದ್ರ ಅಳದದ್ದು ನಿಮ್ಮನ್ನ, ಮಂದೀನ್ನಲ್ಲ’ ಎನ್ನುತ್ತಿದ್ದರು. ಈ ಮಾತು ಪೂರ್ತಿ ತಪ್ಪು ಎಂದು ನಾನು ಇಂದಿಗೂ ಹೇಳಲಾರೆ. ಹತ್ತು ಜನ ಹತ್ತು ಊರಿಗೆ ಹೋಗಿ ಹತ್ತು ರೀತಿ ಕೇಳಿದರೆ ಅದು ಸಮೀಕ್ಷೆಯಲ್ಲ, ಹರಟೆ. ದೇಸಾಯಿ ಸರ್ ಹತ್ತಿರ ಶಿಸ್ತು ಕಲಿತೆ. ಶಿಸ್ತು ಎಲ್ಲಿ ಮುಗಿಯಬೇಕು ಎಂಬುದನ್ನು ಅವರು ಕಲಿಸಲಿಲ್ಲ. ಅದನ್ನು ಕಲಿತದ್ದು ನನ್ನ ತವರುಮನೆಯಲ್ಲಿ, ಇನ್ನೊಬ್ಬರು ಅದರ ಬೆಲೆ ಕೊಟ್ಟ ಮೇಲೆ.

ಲಕ್ಷ್ಮೇಶ್ವರದ ಪೇಟೆಯಲ್ಲಿ ಅಣ್ಣನ ಅಂಗಡಿ. ಅಪ್ಪನ ಕಾಲದಲ್ಲಿ ಹಗ್ಗ, ಕಣ್ಣಿ, ಮೂಗುದಾರ, ಎತ್ತಿನ ಗೆಜ್ಜೆಸರ ಮಾರುತ್ತಿದ್ದ ಅಂಗಡಿ ಅದು. ಟ್ರ್ಯಾಕ್ಟರ್ ಹೆಚ್ಚಾದ ಹಾಗೆ ಮೆಲ್ಲಗೆ ರಾಶಿ ಮುಚ್ಚುವ ತಾಡಪತ್ರಿ, ನೈಲಾನ್ ಹಗ್ಗ, ಖಾಲಿ ಚೀಲಗಳ ಅಂಗಡಿಯಾಯಿತು. ಅಕ್ಕಪಕ್ಕದ ಎರಡು ಹಗ್ಗದ ಅಂಗಡಿ ಮುಚ್ಚಿದವು, ನಮ್ಮದು ಉಳಿಯಿತು. ಅಣ್ಣ ಶಾಣ್ಯಾ, ಜಾಣ ಎಂದು ಊರು ಹೇಳಿತು, ನಾವೂ ಹೇಳಿದೆವು. ಮನೆಯಲ್ಲಿದ್ದವರು ಅವ್ವ, ಅಣ್ಣ ಮತ್ತು ಅಣ್ಣನ ಹೆಂಡತಿ, ಅಂದರೆ ನನ್ನ ವೈನಿ. ಅಣ್ಣ-ವೈನಿಗೆ ಒಬ್ಬಳೇ ಮಗಳು, ಮದುವೆಯಾಗಿ ಹೋಗಿದ್ದಳು.

ಆ ಸಲ ನಾವು ಲಕ್ಷ್ಮೇಶ್ವರದಲ್ಲಿ ಕೆಲಸ ಮಾಡುವಾಗ ಪಟ್ಟಿಯಲ್ಲಿ ಅಣ್ಣನ ಮನೆಯ ನಂಬರೇ ಬಂತು. ಸಂಬಂಧಿಕರನ್ನು ನಾವು ಕೇಳಬಾರದು ಎಂದು ನಿಯಮ. ಹಾಗಾಗಿ ಶಮೀಮಳನ್ನು ಕಳಿಸಿದೆ. ಬೆಟಗೇರಿಯವಳು, ನನಗಿಂತ ಚಿಕ್ಕವಳು, ನಮ್ಮ ತಂಡದಲ್ಲಿ ಅವಳಷ್ಟು ಚೆನ್ನಾಗಿ ಪ್ರಶ್ನೆ ಕೇಳುವವರು ಇರಲಿಲ್ಲ. ಮನೆಯ ಹೆಂಗಸರಲ್ಲಿ ವೈನಿಯ ಹೆಸರಿಗೆ ಚೀಟಿ ಎದ್ದಿತ್ತು. ಶಮೀಮ ಮುಕ್ಕಾಲು ಗಂಟೆಯಲ್ಲಿ ವಾಪಸ್ಸು ಬಂದಳು.

ಸಂಜೆ ಹಾಳೆ ಪರಿಶೀಲಿಸುವುದು ನನ್ನ ಕೆಲಸ. ತಿಳಿವಳಿಕೆಯ ಹನ್ನೊಂದು ಪ್ರಶ್ನೆಗಳಿದ್ದವು. ವೈನಿಯ ಹಾಳೆಯಲ್ಲಿ ಹನ್ನೊಂದಕ್ಕೂ ಎಂಟು. ಅಂಚಿನಲ್ಲಿ ಶಮೀಮ ಪೆನ್ಸಿಲಿನಿಂದ ಬರೆದಿದ್ದಳು: ಅತ್ತೆ ಎದುರಿಗಿದ್ದರು, ಪ್ರತಿಸಲ ಮೊದಲು ಅವರ ಮುಖ ನೋಡಿದರು. ಅಂಚಿನಲ್ಲಿ ಬರೆದದ್ದು ಕಂಪ್ಯೂಟರಿಗೆ ಹೋಗುವುದಿಲ್ಲ. ನಾನು ಅದನ್ನು ಓದಿದೆ. ಓದಿ, ಕೆಳಗೆ ‘ಸರಿ’ ಎಂದು ಸಹಿ ಮಾಡಿದೆ. ಸ್ವಂತ ಮನೆಯ ಹಾಳೆಯನ್ನು ಬೇರೆ ಮೇಲ್ವಿಚಾರಕರಿಗೆ ಕೊಡಬೇಕಾಗಿತ್ತು. ಕೊಡಲಿಲ್ಲ, ಏಕೆಂದರೆ ನೋಡುವ ಕುತೂಹಲವಿತ್ತು.

ಎರಡು ತಿಂಗಳಾದ ಮೇಲೆ ಅಣ್ಣನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ತಡವರಿಸಿ ತಡವರಿಸಿ ಒಂದೆರಡು ಶಬ್ದಕ್ಕೆ ಬಂದು ನಿಂತಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ವಾರದಲ್ಲಿ ಅಂಗಡಿಯ ಪ್ರಶ್ನೆ ಎದ್ದಿತು. ಕಾಕಾನ ಮಗ ಈರಣ್ಣ ಅಂಗಡಿ ತಾನು ನೋಡಿಕೊಳ್ಳುತ್ತೇನೆ, ತಿಂಗಳಾ ಬಾಡಿಗೆ ಕೊಡುತ್ತೇನೆ ಎಂದು ಬಂದಿದ್ದ. ಅವ್ವ ಅವನಿಗೆ ಕೂಡಲೇ ಹೂಂ ಅನ್ನಲಿಲ್ಲ. ಇದನ್ನು ಅವಳ ಪರವಾಗಿ ಹೇಳಲೇಬೇಕು. ಅವನನ್ನು ಕೂಡಿಸಿ, ನನ್ನನ್ನು ಕರೆದು ಕೇಳಿದಳು.

‘ನೀ ಊರ ಮಂದೀ ಶಾಣ್ಯಾತನ ಅಳಿಯಾಕಿ. ನೀನ ಹೇಳು. ನಿಮ್ಮ ವೈನಿ ಅಂಗಡಿ ನಡಸ್ತಾಳೇನು?’

ನಾನು ಏನು ಹೇಳಿದೆ? ‘ನೋಡೂಣು, ಸ್ವಲ್ಪ ದಿನ ಹೋಗಲಿ’ ಎಂದೆ ಅಂತ ನನ್ನ ನೆನಪು. ಧ್ವನಿ ಕೂಡ ನೆನಪಿದೆ, ಮೆತ್ತಗಿನ ಧ್ವನಿ. ಡೈರಿಯಲ್ಲಿ ಆ ದಿನ ನನ್ನದೇ ಅಕ್ಷರದಲ್ಲಿ ಇರುವುದು ಇಷ್ಟು: ‘ಅವ್ವ ಕೇಳಿದಳು. ವೈನಿಯ ಕೈಲಿ ಆಗುವುದಿಲ್ಲ ಅಂದೆ. ಈರಣ್ಣನಿಗೆ ಕೊಡುವುದೆಂದಾಯಿತು.’

ಹಾಳೆಯ ಸುದ್ದಿಯನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ನಿಯಮ ಮುರಿಯಲಿಲ್ಲ ಎಂದು ಆಗ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಹಾಗೆ ಹೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಹನ್ನೊಂದು ಎಂಟುಗಳೇ. ಇಪ್ಪತ್ತೈದು ವರ್ಷ ಒಂದೇ ಪಂಕ್ತಿಯಲ್ಲಿ ಉಂಡ ಹೆಂಗಸಿನ ಬಗ್ಗೆ ನನಗೆ ತಿಳಿದದ್ದಕ್ಕಿಂತ ಮುಕ್ಕಾಲು ಗಂಟೆಯ ಹಾಳೆ ಹೆಚ್ಚು ಖಾತ್ರಿ ಎನಿಸಿತು. ನನ್ನ ನೆನಪು ಲಕ್ವಾವನ್ನು ಸಮೀಕ್ಷೆಗಿಂತ ಹಿಂದೆ ಯಾಕೆ ಸರಿಸಿತು ಎಂಬುದು ಈಗ ತಿಳಿಯುತ್ತದೆ. ಗಂಡ ಹಾಸಿಗೆ ಹಿಡಿದಾಗ ಒಬ್ಬ ಹೆಂಗಸು ಪ್ರಶ್ನೆಗಳಿಗೆ ಉತ್ತರ ಹೇಳಲಾಗಲಿಲ್ಲ ಅಂದರೆ ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ, ಹಾಳೆ ಓದಿದವಳದ್ದೂ ಇರುವುದಿಲ್ಲ.

ಮಾತು ನಡೆದಾಗ ವೈನಿ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದರೆಂದು ನನ್ನ ನೆನಪು. ಡೈರಿಯಲ್ಲಿ ಅದಿಲ್ಲ. ಆಮೇಲೆ ಅವ್ವ ಅವರಿಗೆ ವಿಷಯ ಹೇಳಿದಾಗ, ನಿಮಗೆ ಹೇಗೆ ಸರಿ ಕಾಣುತ್ತದೋ ಹಾಗೆ ಎಂದರಂತೆ.

ಮರುವರ್ಷ ಶ್ರಾವಣದಲ್ಲಿ ಅಣ್ಣನನ್ನು ನೋಡಲು ಹೋಗಿದ್ದೆ. ಹಿತ್ತಿಲ ಕಟ್ಟೆಯಲ್ಲಿ ಅವ್ವನ ತಲೆಗೆ ಎಣ್ಣೆ ಹಚ್ಚುತ್ತ ಕುಳಿತಿದ್ದೆ. ವೈನಿ ಅಡುಗೆಮನೆ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಈರಣ್ಣ ಹಿಂದಿನ ಬಾಗಿಲಿನಿಂದ ಬಂದ. ಚಪ್ಪಲಿ ಬಿಡುವ ರೀತಿ ನೋಡಿದರೆ ದಿನಾ ಬರುವವನ ಹಾಗಿತ್ತು. ತಾಡಪತ್ರಿ ಎಷ್ಟು ತರಿಸಲಿ ವೈನಿ ಎಂದು ಕೇಳಿದ. ವೈನಿ ಮೊರದಿಂದ ಕಣ್ಣು ತೆಗೆಯಲಿಲ್ಲ.

‘ಸಣ್ಣವು ಬ್ಯಾಡ. ಈ ಸಲ ಮಂದಿ ಹೆಸರಕಿಂತ ಗೊಂಜಾಳ ಭಾಳ ಹಾಕ್ಯಾರ, ರಾಶಿ ದೊಡ್ಡವು ಆಗತಾವ. ದೊಡ್ಡವು ತರ್ರಿ. ಅರ್ಧಾ ಈಗ, ಅರ್ಧಾ ದಸರಾ ಮುಂದ. ಒಮ್ಮೆಲೇ ತಂದ್ರ ರೊಕ್ಕ ಅಲ್ಲೇ ಸಿಕ್ಕೊಂಡು ಬೀಳತೈತಿ. ಮಳಿ ಕೈಕೊಟ್ರ ಏನ್ಮಾಡ್ತೀರಿ?’

ಈರಣ್ಣ ಆತು ಎಂದ. ಅವನು ಚಪ್ಪಲಿ ಮೆಟ್ಟುವಾಗ ವೈನಿ ಒಂದು ಮಾತು ಸೇರಿಸಿದರು.

‘ನಿಮ್ಮ ಅಣ್ಣಾರು ಹಿಂಗ ಅಂತಿದ್ರು.’

ಅಣ್ಣ ಒಳಗೆ ಮಂಚದ ಮೇಲೆ ಇದ್ದ. ವರ್ಷದಿಂದ ಅವನ ಬಾಯಲ್ಲಿ ನೀರು, ಊಟ, ಹೂಂ ಬಿಟ್ಟರೆ ಬೇರೆ ಮಾತಿರಲಿಲ್ಲ. ಈ ಸಲ ಹೊಲಗಳಲ್ಲಿ ಯಾರು ಗೋವಿನಜೋಳ ಬಿತ್ತಿದ್ದಾರೆಂದು ಅವನು ಎಲ್ಲಿಂದ ಹೇಳಬೇಕು? ನನ್ನ ಕೈ ಅವ್ವನ ತಲೆಯ ಮೇಲೆ ನಿಂತುಹೋಯಿತು. ಎಷ್ಟೋ ವರ್ಷದ ಊಟಗಳು ನೆನಪಾದವು. ನೀವು ಮೊನ್ನೆ ಅಂದಿದ್ರೆಲ್ಲಾ, ನೈಲಾನ್ ಹಗ್ಗ ತಂದು ನೋಡೂಣು ಅಂತ. ನೀವ ಹೇಳಿದ್ರೆಲ್ಲಾ, ಗೆಜ್ಜೆಸರ ಇನ್ನ ಹೋಗಂಗಿಲ್ಲ ಅಂತ. ರೊಟ್ಟಿ ಬಡಿಸುತ್ತ ವೈನಿ ಹಾಗೆ ಹೇಳುವುದು, ಅಣ್ಣ ತಾನು ಯಾವಾಗ ಹೇಳಿದೆ ಎಂದು ಒಂದು ಕ್ಷಣ ಯೋಚಿಸಿ ಹೂಂ ಎನ್ನುವುದು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸರ ತೀರ್ಮಾನ ಹೀಗೇ ನಡೆಯುತ್ತದೆ. ತಾವು ಕಂಡುಕೊಂಡದ್ದನ್ನು ಗಂಡಸಿನ ಬಾಯಿಗೆ ಹಾಕಿ, ಅಲ್ಲಿಂದ ತಿರುಗಿ ತೆಗೆದುಕೊಳ್ಳುತ್ತಾರೆ. ನೋಡುತ್ತಲೇ ಬೆಳೆದ ನಾನು ಅದನ್ನು ನೋಡಿರಲಿಲ್ಲ. ಆ ಎರಡು ನಿಮಿಷದಲ್ಲಿ ವೈನಿ ನಮ್ಮ ಹನ್ನೊಂದು ಪ್ರಶ್ನೆಗಳಲ್ಲಿ ಏಳಕ್ಕಾದರೂ ಉತ್ತರ ಹೇಳಿದ್ದರು.

ಆವತ್ತೇ ಅವ್ವನಿಗೆ ಹೇಳಿದೆ, ಅಂಗಡಿ ವೈನಿಗೇ ತಿರುಗಿ ಕೊಡಿಸು ಎಂದು. ಅವ್ವ ನನ್ನನ್ನು ನೋಡಿದಳು. ‘ಈರಣ್ಣ ತನ್ನ ರೊಕ್ಕ ಹಾಕಿ ಮಾಲ ತುಂಬ್ಯಾನ. ಕೊಟ್ಟ ಮಾತು ಐತಿ. ನೀನ ಹೇಳಿದ್ದಿ’ ಎಂದಳು. ವೈನಿಯನ್ನು ಕೇಳಿದರೆ, ಬಿಡ್ರಿ, ನಡದೈತೆಲ್ಲಾ ಎಂದು ಜೋಳದ ಮೊರ ಎತ್ತಿಕೊಂಡು ಒಳಗೆ ಹೋದರು.

ಮನೆಯಲ್ಲಿ ಸರಿಪಡಿಸಲಾಗದ್ದನ್ನು ಕಚೇರಿಯಲ್ಲಿ ಸರಿಪಡಿಸುತ್ತೇನೆಂದು ಹೊರಟೆ. ಹಾಗೆ ಹೊರಟದ್ದಕ್ಕೆ ನನಗೆ ವಿಷಾದವಿಲ್ಲ. ವೃತ್ತಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದು. ಶಿರಹಟ್ಟಿ ತಾಲೂಕಿನ ಅಂಕಗಳು ಆಗ ತೀರಾ ಕೆಳಗೆ ಬಂದಿದ್ದವು, ಅಲ್ಲಿಯ ಹೆಂಗಸರಿಗೆಲ್ಲ ಒಂದನೇ ಪುಸ್ತಕ ಎಂದು ತೀರ್ಮಾನವಾಗುವುದರಲ್ಲಿತ್ತು. ದೇಸಾಯಿ ಸರ್ ಮುಂದೆ ಆ ತಾಲೂಕಿನ ಬೆಳ್ಳಟ್ಟಿ ಊರಿನ ಹಾಳೆಗಳ ಕಟ್ಟನ್ನೇ ಇಟ್ಟು ಅಂಚಿನ ಬರಹಗಳನ್ನು ಓದಿ ಹೇಳಿದೆ. ಅತ್ತೆ ಇದ್ದರು. ಮೈದುನ ಬಾಗಿಲಲ್ಲಿದ್ದ. ಗಂಡನೇ ಉತ್ತರ ಹೇಳಲು ಬಂದ. ಇವು ತಿಳಿಯದವರ ಎಂಟುಗಳಲ್ಲ, ಹಿರಿಯರ ಮುಂದೆ ತಿಳಿದಿದೆ ಎನ್ನಬಾರದೆಂಬ ಮರ್ಯಾದೆಯ ಎಂಟುಗಳು ಎಂದೆ. ಹಿರಿಯರು ಎದುರಿಗಿಲ್ಲದಾಗ ಕೇಳಿದರೆ ಉತ್ತರ ಬರುತ್ತದೆ ಎಂದೂ ವಾದಿಸಿದೆ.

ಅವರು ಕಟ್ಟಿನ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ‘ಅಳತಿ ಬದಲ ಮಾಡಿದ್ರ ಹಿಂದಿನ ಸಲದ್ದಕ್ಕ ಹೋಲಸೂದು ಹೆಂಗ್ರಿ?’ ಎಂದರು. ನ್ಯಾಯವಾದ ಪ್ರಶ್ನೆ. ಎರಡು ದಿನ ಜಗಳಾಡಿ ಒಂದು ದಾರಿ ಹುಡುಕಿದೆವು. ಅರ್ಧ ಊರುಗಳಲ್ಲಿ ಹಳೇ ರೀತಿ, ಅರ್ಧ ಊರುಗಳಲ್ಲಿ ಹೊಸ ರೀತಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡುವುದು. ಬೆಳ್ಳಟ್ಟಿ ಹೊಸ ರೀತಿಯ ಪಾಲಿಗೆ ಬಂತು.

ಹೊಸ ರೀತಿ ಎಂದರೆ ಒಂದು ಮನೆಗೆ ಇಬ್ಬರು ಹೋಗುವುದು. ಒಬ್ಬಳು ಪಡಸಾಲೆಯಲ್ಲಿ ಹಿರಿಯರನ್ನು ಮಾತಿಗೆಳೆಯಬೇಕು, ಇನ್ನೊಬ್ಬಳು ಅಡುಗೆಮನೆಗೆ ಹೋಗಬೇಕು. ಪಡಸಾಲೆಗೆ ಯಾರು ಎಂದು ಕೇಳಿದರೆ ಶಮೀಮ ಮುಂದೆ ಬಂದಳು. ‘ಅತ್ತೆಂದ್ರನ್ನ ನನಗ ಬಿಡ್ರಿ ಅಕ್ಕಾರ. ನಾ ಇಪ್ಪತ್ತು ವರ್ಷ ಒಬ್ಬಾಕಿನ್ನ ಸಂಭಾಳಿಸೇನಿ.’ ಅವಳು ಮಂಡಿನೋವಿನ ಮದ್ದಿನಿಂದ ಶುರುಮಾಡಿದಳೆಂದರೆ ಯಾವ ಅತ್ತೆಯೂ ಒಂದು ತಾಸು ಏಳುತ್ತಿರಲಿಲ್ಲ.

ಒಳಗೆ ನಾವು ಗೊತ್ತೇ ಎಂದು ಕೇಳುತ್ತಿರಲಿಲ್ಲ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಚೌಕ ಮನೆಗಳನ್ನು ಬರೆದು ಒಂದೊಂದಕ್ಕೆ ಹೆಸರಿಡುತ್ತಿದ್ದೆವು: ಊಟ, ಬೀಜ ಗೊಬ್ಬರ, ಶಾಲೆ, ದವಾಖಾನೆ, ಮದುವೆ ಮುಂಜಿ, ಕೈಯಲ್ಲಿ ಇಟ್ಟುಕೊಳ್ಳುವುದು. ಇಪ್ಪತ್ತು ಹುಣಸೆಬೀಜ ಕೊಟ್ಟು, ಈ ಹಂಗಾಮಿಗೆ ಹಂಚಿ ಎನ್ನುತ್ತಿದ್ದೆವು. ಹಂಚಿದ ಮೇಲೆ ಐದು ಬೀಜ ವಾಪಸ್ಸು ಕೇಳಿ, ಈಗ ಮಳೆ ಹೋಯಿತು, ಎಲ್ಲಿಂದ ತೆಗೆಯುತ್ತೀರಿ ಎನ್ನುತ್ತಿದ್ದೆವು. ಹರ್ತಿಯ ಹಿರಿಯರಿಂದ ಕಲಿತ ಹಂಗಾಮು ಅದರಲ್ಲಿತ್ತು. ಬಡ್ಡಿಯ ಪ್ರಶ್ನೆಯಲ್ಲಿ ತಿಂಗಳಿಗೋ ವರ್ಷಕ್ಕೋ ಎಂದು ಸೇರಿಸಿದ್ದು ಹುಸೇನಬಿಯವರ ಋಣ. ಕೈ ಆಡುವಾಗ ಬಾಯಿಯೂ ಆಡುತ್ತದೆ. ಹೆಂಗಸರು ಬೀಜ ಸರಿಸುತ್ತ, ಬ್ಯಾಡ, ಶಾಲಿಯಿಂದ ತೆಗಿಯೂದು ಬ್ಯಾಡ ಎಂದು ತಮ್ಮಲ್ಲೇ ವಾದ ಹೂಡುತ್ತಿದ್ದರು. ಎಂಟುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು.

ಎರಡು ರೀತಿಯನ್ನೂ ಪಕ್ಕಪಕ್ಕ ಇಟ್ಟಾಗ ದೇಸಾಯಿ ಸರ್ ಟಿಪ್ಪಣಿಗೆ ತಮ್ಮ ಸಹಿಯನ್ನೇ ಮೊದಲು ಹಾಕಿದರು. ಶಿರಹಟ್ಟಿ ತಾಲೂಕಿಗೆ ಮಣ್ಣಿನ ಹುಂಡಿಯ ಪುಸ್ತಕ ಹೋಗಲಿಲ್ಲ. ಅದರ ಬದಲು ಆ ಹೆಂಗಸರಿಗೆ ನಿಜವಾಗಿ ತಿಳಿಯದಿದ್ದ ವಿಷಯಗಳ ಪಾಠ ಬಂತು. ಬ್ಯಾಂಕಿನ ಸಂದೇಶ ಓದುವುದು ಹೇಗೆ, ಖಾತೆಗೆ ಯಾರ ಫೋನ್ ನಂಬರ್ ಜೋಡಿಸಿದೆ, ವಾರಸುದಾರರ ಹೆಸರು ಬರೆಸಿದೆಯೇ, ಸಹಿ ಮಾಡುವ ಮುಂಚೆ ಏನು ಕೇಳಬೇಕು. ಮುಂದೆ ಕಾಗದ ಹೋಗಿ ಟ್ಯಾಬ್ ಬಂದಾಗಲೂ ಈ ಪದ್ಧತಿ ಉಳಿಯಿತು. ಟ್ಯಾಬಿನಲ್ಲಿ ಅಂಚು ಇರುವುದಿಲ್ಲ. ಜಗಳ ಮಾಡಿ, ಅದರಲ್ಲಿ ‘ಎದುರಿಗೆ ಯಾರಿದ್ದರು?’ ಎಂಬ ಪ್ರಶ್ನೆ ಸೇರಿಸಿದೆ. ಇಂದಿನ ಹುಡುಗಿಯರಿಗೆ ಅದಕ್ಕೆ ಗುರುತು ಹಾಕದೆ ಮುಂದೆ ಹೋಗಲು ಬರುವುದಿಲ್ಲ.

ಬೆಳ್ಳಟ್ಟಿಯ ಒಂದು ಮನೆಯನ್ನು ಮಾತ್ರ ಇಲ್ಲಿ ಬರೆಯದೆ ಬಿಟ್ಟರೆ ಮೋಸವಾಗುತ್ತದೆ. ಗಂಗವ್ವ ಎಂಬ ಹೆಂಗಸು, ವಯಸ್ಸು ನಲವತ್ತರ ಆಸುಪಾಸು. ಅತ್ತೆ ಹೊರಗೆ ಶಮೀಮಳ ಜೊತೆ, ಗಂಡ ಹೊಲದಲ್ಲಿ. ಒಳಗೆ ನಾವಿಬ್ಬರೇ. ಅವಳು ಇಪ್ಪತ್ತು ಬೀಜಗಳನ್ನು ಅಂಗೈಯಲ್ಲಿ ಹಿಡಿದು ನೋಡಿದಳು, ನೆಲದ ಮೇಲಿನ ಮನೆಗಳನ್ನು ನೋಡಿದಳು, ಬೀಜಗಳನ್ನು ತಿರುಗಿ ನನ್ನ ಕೈಗೆ ಹಾಕಿದಳು.

‘ನನಗೇನೂ ತಿಳಿಯಂಗಿಲ್ರಿ ಅಂತ ಬರಕೋರಿ.’

ಯಾಕವ್ವಾ, ಇಲ್ಲಿ ಯಾರೂ ಇಲ್ಲವಲ್ಲ ಎಂದೆ. ಅವಳು ನಕ್ಕಳು.

‘ನೀವು ಅದೀರೆಲ್ಲಾ. ನೀವು ಬರಕೊಂಡು ಹೋಗ್ತೀರಿ, ನಾ ಇಲ್ಲೇ ಇರಾಕಿ. ನನಗೇನು ಗೊತ್ತೈತಿ ಅನ್ನೂದು ನನ್ನ ಹತ್ತರನ ಇರ್ಲಿ.’

ಹಾಗೆಂದು ಎದ್ದು ಚಹಾಕ್ಕೆ ಇಟ್ಟಳು. ಕುಡಿಯದೆ ಬಿಡಲಿಲ್ಲ. ಎಂಟು ಬರೆಯಲೋ ಒಂಬತ್ತು ಬರೆಯಲೋ ಎಂದು ಪೆನ್ನು ಹಿಡಿದು ಕುಳಿತೆ. ನಮ್ಮ ಕಡೆ ಮನೆಗೆ ಬಂದವರಿಗೆ ಹೇಳುವುದಿಲ್ಲ ಎನ್ನುವುದು ಮರ್ಯಾದೆಯಲ್ಲ. ಹಾಗೆ ಎನ್ನಬೇಕಾದವರೂ ಗೊತ್ತಿಲ್ಲ ಎಂದೇ ಕಳಿಸುತ್ತಾರೆ. ಒಂಬತ್ತೇ ಬರದ ಜಿಲ್ಲೆಯೆಂದು ಹೆಮ್ಮೆಪಟ್ಟಿದ್ದೆವಲ್ಲ, ನಮ್ಮ ಒಂಬತ್ತುಗಳೆಲ್ಲ ಎಂಟಿನ ಒಳಗೆ ಕುಳಿತಿದ್ದಿರಬಹುದು. ಕೊನೆಗೆ ಎಂಟೇ ಬರೆದೆ. ಒಬ್ಬಳ ಮಾತಿನಿಂದ ಅಳತೆ ಬದಲಾಗುವುದಿಲ್ಲ ಎಂದು ಹೇಳಿಕೊಂಡು ಬಸ್ಸು ಹತ್ತಿದೆ.

ಅವ್ವ ಈಗಿಲ್ಲ. ಅಣ್ಣ ಕೋಲು ಹಿಡಿದು ಪಡಸಾಲೆಯವರೆಗೆ ಬರುತ್ತಾನೆ. ಅಂಗಡಿ ಚೆನ್ನಾಗಿ ನಡೆದಿದೆ. ಈರಣ್ಣ ತನ್ನ ಮನೆಯ ಮೇಲೆ ಮಹಡಿ ಕಟ್ಟಿಸಿದ್ದಾನೆ. ವೈನಿಗೆ ಬರುವುದು ತಿಂಗಳ ಬಾಡಿಗೆ ಮಾತ್ರ. ಈರಣ್ಣ ಈಗಲೂ ಹಿಂದಿನ ಬಾಗಿಲಿನಿಂದ ಬಂದು ಕೇಳಿಕೊಂಡು ಹೋಗುತ್ತಾನೆ, ವೈನಿ ಈಗಲೂ ಹೇಳಿ ಕಳಿಸುತ್ತಾರೆ. ಅವನು ಕೆಟ್ಟವನಲ್ಲ. ನಿವೃತ್ತಿಯಾದ ಮೇಲೆ ಅವನ ಹತ್ತಿರ ಹೋಗಿ ವೈನಿಗೆ ಅಂಗಡಿಯಲ್ಲಿ ಪಾಲು ಕೊಡು ಎಂದೆ. ವೈನಿ ಬಾಯಿಬಿಟ್ಟು ಕೇಳಲಿ ಅಕ್ಕಾ, ಅವತ್ತೇ ಕೊಡ್ತೀನಿ ಎಂದ. ಖರೆ ಹೇಳಿದ್ದಾನೆಂದೇ ನನ್ನ ನಂಬಿಕೆ. ಆ ಮಾತನ್ನು ವೈನಿಗೆ ಮುಟ್ಟಿಸಿದೆ. ಅವರು ಇನ್ನೂ ಕೇಳಿಲ್ಲ.

ಈ ವರ್ಷ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ವೈನಿ ರೊಟ್ಟಿ ಬಡಿಯುತ್ತಿದ್ದರು. ಇದನ್ನೆಲ್ಲ ಬರೆಯಲು ಕುಳಿತಿದ್ದೇನೆ, ಅದಕ್ಕೂ ಮೊದಲು ನಿಮಗೆ ಹೇಳಬೇಕಾದದ್ದೊಂದಿದೆ ಎಂದು ಹೇಳಿದೆ. ಅವ್ವ ಕೇಳಿದಾಗ ಅಂಗಡಿ ನಿಮ್ಮ ಕೈಲಿ ಆಗುವುದಿಲ್ಲ ಅಂದವಳು ನಾನು, ಹಾಳೆಯ ಎಂಟುಗಳನ್ನು ನೋಡಿ ಹಾಗೆಂದೆ ಎಂದು ಬಿಡಿಸಿ ಹೇಳಿದೆ. ವೈನಿಯ ಕೈ ನಿಲ್ಲಲಿಲ್ಲ.

‘ಗೊತ್ತೈತಿ. ಬಾಗಲದಾಗ ನಿಂತಿದ್ನೆಲ್ಲಾ.’

ಅಷ್ಟೇ. ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದರು.

ಆಗ ಇನ್ನೊಂದು ಮಾತು ಕೇಳಿದೆ. ಹಿರಿಯರಿಲ್ಲದಾಗ ಕೇಳಿದರೆ ಉತ್ತರ ಬರುತ್ತದೆ ಎಂದು ನಾಲ್ಕು ತಾಲೂಕುಗಳಲ್ಲಿ ಪದ್ಧತಿ ಕಟ್ಟಿದವಳು ನಾನು, ಆ ಪದ್ಧತಿಗೆ ಮೊದಲ ಕಾರಣವಾದವರು ನನ್ನ ಎದುರಿಗಿದ್ದರು. ಅವರು ರೊಟ್ಟಿ ತಿರುವಿ ಹಾಕಿದರು, ಇಳಿಸಿದರು, ಬಿಸಿ ಐತಿ ಉಣ್ಣರಿ ಎಂದು ನನ್ನ ತಾಟಿಗೆ ಹಾಕಿದರು. ಆಮೇಲೆ ಮೂರು ಸಲ ಲಕ್ಷ್ಮೇಶ್ವರಕ್ಕೆ ಹೋಗಿ ಬಂದಿದ್ದೇನೆ. ಮೂರು ಸಲವೂ ನಾನು ಬಾಯಿ ತೆರೆದಿಲ್ಲ, ಅವರೂ ಆ ಮಾತು ಎತ್ತಿಲ್ಲ. ಇದನ್ನು ಮುಗಿಸುವ ಹೊತ್ತಿಗಾದರೂ ಉತ್ತರ ಬಂದಿದ್ದರೆ ಇಲ್ಲಿ ಬರೆಯುತ್ತಿದ್ದೆ. ಬಂದಿಲ್ಲ. ಕೇಳಿದ್ದು ಮಾತ್ರ ಇದು, ಇದಕ್ಕೆ ಡೈರಿ ನೋಡುವ ಅಗತ್ಯವಿಲ್ಲ:

‘ಅವತ್ತ ಅವ್ವ ಎದುರಿಗೆ ಇರದ, ಶಮೀಮನೂ ಬರದ, ನಾನ ಒಬ್ಬಾಕಿ ಬಂದು ಇಲ್ಲೇ ಒಲಿ ಮುಂದ ಕುಂತು ಕೇಳಿದ್ರ, ನನಗ ಹೇಳ್ತಿದ್ರೇನು ವೈನಿ?’